ವಾಪಸ್ ಅಕ್ಕ ಹಾಕಿದ ಸಹಿ

ಕಾರ್ಖಾನೆಯಲ್ಲಿ ಅವಳನ್ನು ಹೆತ್ತವರಿಟ್ಟ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ವಾಪಸ್ ಅಕ್ಕ. ಇಪ್ಪತ್ತಾರು ವರ್ಷದಿಂದ ತಪಾಸಣೆಯ ಮೇಜಿನ ಹಿಂದೆ ಕೂತು, ಸರಿಯಿಲ್ಲದ ಪೆಟ್ಟಿಗೆಯ ಮೇಲೆ ಕೆಂಪು ಚೀಟಿ ಅಂಟಿಸಿ, "ವಾಪಸ್" ಎಂದು ಒಂದೇ ಮಾತು ಹೇಳಿ, ಮುಂದಿನ ಪೆಟ್ಟಿಗೆಗೆ ಕೈ ಹಾಕುವುದು ಅವಳ ರೀತಿ. ಹೊಸದಾಗಿ ಸೇರಿದವರು ಮೊದಲು ಬೈದುಕೊಳ್ಳುತ್ತಿದ್ದರು, ಆಮೇಲೆ ಹೆದರುತ್ತಿದ್ದರು, ಕೊನೆಗೆ ಮಗಳ ಮದುವೆಗೆ ಗಂಡು ನೋಡಲು ಹೋಗುವಾಗ ಅವಳನ್ನೇ ಜತೆಗೆ ಕರೆಯುತ್ತಿದ್ದರು. "ಅಕ್ಕ ಒಪ್ಪಿದ್ರೆ ಗಂಡಿಗೆ ಐಬಿಲ್ಲ ಅಂತಲೇ ಲೆಕ್ಕ" ಎಂದು ಕ್ಯಾಂಟೀನಿನಲ್ಲಿ ನಗೆ.

ಅಲ್ಲಿ ತಯಾರಾಗುತ್ತಿದ್ದುದು ಶೆಲ್ಲುಗಳು. ದೂರದಿಂದ ಹಾರಿಬಂದು ಬಿದ್ದಲ್ಲಿ ಸಿಡಿಯುವ, ಮೊಣಕೈಯುದ್ದದ ಕಬ್ಬಿಣದ ತುಂಡುಗಳು. ನೆಲಕ್ಕೆ ಬಡಿದ ಕೂಡಲೇ ಶೆಲ್ಲನ್ನು ಸಿಡಿಸುವ ಪುಟ್ಟ ಯಂತ್ರವೊಂದು ಅದರ ತುದಿಯಲ್ಲಿ ಕೂರುತ್ತದೆ. ಕಾಗದಪತ್ರಗಳಲ್ಲಿ ಅದಕ್ಕೆ ಅಂಕಿ ಅಕ್ಷರ ಸೇರಿಸಿದ ಉದ್ದನೆಯ ಹೆಸರಿತ್ತು. ಕೆಲಸಗಾರರು ‘ಮೂತಿ’ ಎನ್ನುತ್ತಿದ್ದರು. ಅಕ್ಕನ ಮೇಜಿಗೆ ಬರುತ್ತಿದ್ದುದು ಈ ಮೂತಿಗಳು. ನೂರಕ್ಕೆ ಇಪ್ಪತ್ತನ್ನು ಆರಿಸಿ, ಬಿಚ್ಚಿ, ಒಳಗಿನ ಸಣ್ಣ ಸ್ಪ್ರಿಂಗನ್ನು ಭೂತಗನ್ನಡಿಯಡಿ ನೋಡಿ, ಬೆರಳ ತುದಿಯಲ್ಲಿ ಒತ್ತಿ ಬಿಡುತ್ತಿದ್ದಳು. ಭೂತಗನ್ನಡಿಗೆ ಕಾಣದ್ದು ಅವಳ ಬೆರಳಿಗೆ ತಿಳಿಯುತ್ತಿತ್ತು.

ಅವಳ ಈ ಕಟ್ಟುನಿಟ್ಟಿಗೆ ಕಾರಣ ಮನೆಯಲ್ಲೇ ಇತ್ತು. ಗಂಡ ಮೊದಲು ಅದೇ ಕಾರ್ಖಾನೆಯ ಪರೀಕ್ಷಾ ಮೈದಾನದಲ್ಲಿ ಕೆಲಸಕ್ಕಿದ್ದ. ಇಪ್ಪತ್ತೇಳು ವರ್ಷದ ಹಿಂದೆ ಒಂದು ಶೆಲ್ಲು ಸಿಡಿಯದೆ ಬಿದ್ದಿತ್ತು. ಅರ್ಧ ದಿನ ಕಾದರು. ಸತ್ತುಹೋಗಿದೆ ಎಂದುಕೊಂಡು ಇವನು ಎತ್ತಲು ಹೋದ. ಬಲಗೈಯ ಮೂರು ಬೆರಳು ಅಲ್ಲೇ ಉಳಿದವು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನು ಆಡಿದ ಮೊದಲ ಮಾತು: "ಸಿಡಿಯದೇ ಇದ್ದದ್ದು ಸತ್ತಿರಲ್ಲ ಕಣೇ. ಮಲಗಿರುತ್ತೆ ಅಷ್ಟೆ." ಹಳೆಯ ಗೆಳೆಯರು ಈಗಲೂ ಅವನನ್ನು ‘ಏಳು ಬೆರಳು’ ಎಂದು ಕೂಗಿದರೆ ಅವನೇ ಎಲ್ಲರಿಗಿಂತ ಮೊದಲು ನಗುತ್ತಿದ್ದ. ಅಕ್ಕನಿಗೆ ಮಾತ್ರ ಆ ನಗು ಬರುತ್ತಿರಲಿಲ್ಲ.

ಒಂದು ಕಾಲದಲ್ಲಿ ಆ ದೇಶ ಶೆಲ್ಲುಗಳಿಗಾಗಿ ಬೇರೆಯವರ ಮುಂದೆ ಕೈಚಾಚುತ್ತಿತ್ತು. ಈಗ ತಾನೇ ಮಾರುತ್ತಿತ್ತು. ಕಾರ್ಖಾನೆಯ ಅರ್ಧ ಪಾಲು ಖಾಸಗಿಯವರ ಕೈಗೆ ಹೋಗಿ, ಗೇಟಿನ ಮುಂದೆ ಎಂಟು ಮಹಡಿಯ ಗಾಜಿನ ಕಟ್ಟಡ ಎದ್ದಿತ್ತು. "ನಾವೀಗ ಕೊಳ್ಳುವವರಲ್ಲ, ಮಾರುವವರು" ಎಂದು ಬರೆದ ಬಟ್ಟೆಯನ್ನು ಅದರ ನೆತ್ತಿಯಿಂದ ಬುಡದವರೆಗೆ ಇಳಿಬಿಟ್ಟಿದ್ದರು. ಕಟ್ಟಡದ ಎದುರು ದಿನವಿಡೀ ಚಿಮ್ಮುವ ಕಾರಂಜಿ. ಹಿಂದುಗಡೆಯ ಕೆಲಸಗಾರರ ಸಾಲುಮನೆಗಳಿಗೆ ಎರಡು ದಿನಕ್ಕೊಮ್ಮೆ ನೀರಿನ ಟ್ಯಾಂಕರ್. ಟ್ಯಾಂಕರಿನ ಸದ್ದು ಕೇಳಿದರೆ ಅಕ್ಕ ಸೆರಗು ಸಿಕ್ಕಿಸಿ ಓಡಬೇಕು. ಏಳು ಬೆರಳಿನ ಕೈಗೆ ತುಂಬಿದ ಕೊಡ ನಿಲ್ಲುತ್ತಿರಲಿಲ್ಲ. ಅವಳ ಸೊಂಟಕ್ಕೂ ಐವತ್ತನಾಲ್ಕು ವರ್ಷವಾಗಿತ್ತು.

ಆ ವರ್ಷ ಸ್ಪ್ರಿಂಗು ಪೂರೈಸುವ ಗುತ್ತಿಗೆ ಮಂತ್ರಿಯೊಬ್ಬರ ಭಾವಮೈದುನನ ಕಂಪನಿಗೆ ಹೋಯಿತು. ಮೊದಲ ದಿನವೇ ಅಕ್ಕನ ಬೆರಳಿಗೆ ತಿಳಿಯಿತು. ಒತ್ತಿದರೆ ಕುಗ್ಗುತ್ತಿತ್ತು, ಬಿಟ್ಟರೆ ಸೋಮಾರಿಯ ಹಾಗೆ ನಿಧಾನಕ್ಕೆ ಏಳುತ್ತಿತ್ತು. ಎಂಟಕ್ಕೆ ಒಂದರಂತೆ ಹಾಳು. ನಲವತ್ತು ಪೆಟ್ಟಿಗೆಯ ಮೇಲೂ ಕೆಂಪು ಚೀಟಿ ಬಿತ್ತು.

ಮ್ಯಾನೇಜರು ಗಾಜಿನ ಕಟ್ಟಡಕ್ಕೆ ಕರೆಸಿಕೊಂಡರು. ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಮಾತು ಬೆಣ್ಣೆ.

"ಕೂತ್ಕೊಳಿ ಅಮ್ಮಾ. ನಲವತ್ತಕ್ಕೆ ನಲವತ್ತೂ ವಾಪಸ್ಸಾ?"

"ಎಂಟಕ್ಕೆ ಒಂದು ಸಿಡಿಯಲ್ಲ ಸರ್."

"ಏಳು ಸಿಡಿಯುತ್ತಲ್ಲಮ್ಮಾ! ನನ್ನ ಆಫೀಸಲ್ಲಿ ಎಂಟು ಜನರಲ್ಲಿ ಏಳು ಜನ ಕೆಲಸ ಮಾಡಿದ್ರೆ ನಾನು ದಿನಾ ದೇವರಿಗೆ ಕೈ ಮುಗೀತಿದ್ದೆ." ತಾವೇ ನಕ್ಕು, ಆಮೇಲೆ ದನಿ ತಗ್ಗಿಸಿದರು. "ಸ್ಪ್ರಿಂಗು ಯಾರ ಕಂಪನಿದು ಅಂತ ಗೊತ್ತಲ್ಲ?"

"ಸ್ಪ್ರಿಂಗಿಗೆ ನೆಂಟಸ್ತಿಕೆ ಗೊತ್ತಿಲ್ಲ ಸರ್."

ಮ್ಯಾನೇಜರಿಗೆ ಸಿಟ್ಟು ಬರಲಿಲ್ಲ. ಕಿಟಕಿಯಾಚೆ ಗುಡ್ಡದ ಮೇಲಿನ ಅಧಿಕಾರಿಗಳ ಮನೆಗಳನ್ನು ತೋರಿಸಿದರು. "ಅಲ್ಲೊಂದು ಖಾಲಿ ಇದೆ. ನಲ್ಲಿ ತಿರುಗಿಸಿದ್ರೆ ಇಡೀ ದಿನ ನೀರು. ನಿಮ್ಮೆಜಮಾನ್ರ ಕೈ ಬೇರೆ ಹಾಗಿದೆ. ಯೋಚನೆ ಮಾಡಿ. ಕೊಳ್ಳೋ ದೇಶದವರು ಗುರುವಾರ ಬರ್ತಾರೆ."

"ಯೋಚನೆ ಮಾಡೋಕೆ ಏನಿದೆ ಸರ್, ಸ್ಪ್ರಿಂಗು ಬದಲಾಯಿಸಿ" ಎಂದು ಅಕ್ಕ ಎದ್ದು ಬಂದಳು. ಮೆಟ್ಟಿಲಿಳಿಯುವಾಗ ಕಾರಂಜಿಯ ಹನಿ ಮುಖಕ್ಕೆ ತಾಗಿತು. ಒರೆಸಿಕೊಳ್ಳಲಿಲ್ಲ.

ಗುರುವಾರ ಕೊಳ್ಳುವ ದೇಶದ ಕರ್ನಲ್ ಬಂದರು. ಕೊಳ್ಳುವವರ ಪರವಾಗಿ ಪೆಟ್ಟಿಗೆಗಳನ್ನು ತಪಾಸಣೆ ಮಾಡಬೇಕಾದವರು ಅವರೇ. ಕಪ್ಪು ಕನ್ನಡಕ ತೆಗೆಯದೆ ಒಂದು ಸುತ್ತು ಹಾಕಿ, ಕೆಂಪು ಚೀಟಿಗಳು ಗೋಡೆಯ ಬಣ್ಣವೇನೋ ಎಂಬಂತೆ ದಾಟಿ, ತಮ್ಮ ಕಾಗದಕ್ಕೆ ಸಹಿ ಮಾಡಿ, ಮ್ಯಾನೇಜರ ಹೆಗಲ ಮೇಲೆ ಕೈಯಿಟ್ಟು ಊಟಕ್ಕೆ ನಡೆದರು. ಅವರ ಕೈ ಮೊದಲೇ ಬೆಚ್ಚಗಾಗಿತ್ತು ಎಂಬುದು ಚಹಾ ತರುವವನಿಗೂ ಗೊತ್ತಿತ್ತು. ಇನ್ನು ಬೇಕಿದ್ದುದು ಅಕ್ಕನ ಸಹಿಯೊಂದೇ.

ಅವರ ಜತೆ ಬಂದಿದ್ದ ದುಭಾಷಿ ಹುಡುಗಿಯನ್ನು ಊಟಕ್ಕೆ ಯಾರೂ ಕರೆಯಲಿಲ್ಲ. ಅವಳು ಆ ದೇಶದವಳೇ. ಔಷಧಶಾಸ್ತ್ರ ಓದಲು ಇಲ್ಲಿಗೆ ಬಂದು, ಖರ್ಚಿಗಾಗಿ ಇಂಥ ಕೆಲಸಕ್ಕೆ ಹೋಗುತ್ತಿದ್ದಳು. ತಪಾಸಣೆಯ ಕೋಣೆಯಲ್ಲಿ ಒಂಟಿಯಾಗಿ ನಿಂತವಳನ್ನು ಅಕ್ಕ ಕೂರಿಸಿ, ತನ್ನ ಬುತ್ತಿಯ ಮುಚ್ಚಳಕ್ಕೆ ಅರ್ಧ ಊಟ ಹಾಕಿಕೊಟ್ಟಳು.

ಹುಡುಗಿ ಎರಡು ತುತ್ತು ತಿಂದು ಕೇಳಿದಳು, "ಅಮ್ಮಾ, ಈ ಕೆಂಪು ಚೀಟಿ ಯಾಕೆ?"

"ಇವು ಸರಿಯಿಲ್ಲ ಅಂತ. ಎಂಟರಲ್ಲಿ ಒಂದು ಸಿಡಿಯಲ್ಲ."

ಹುಡುಗಿಯ ಕೈ ಮುಚ್ಚಳದಲ್ಲೇ ನಿಂತಿತು. "ಹಾಗಾದ್ರೆ ಇವನ್ನೇ ಕಳಿಸಿ."

ಭಾಷೆ ಸರಿಯಾಗಿ ಬಾರದೆ ಹೀಗಂದಳೇನೋ ಎಂದುಕೊಂಡು ಅಕ್ಕ ಮತ್ತೆ ಬಿಡಿಸಿ ಹೇಳಿದಳು. ಹುಡುಗಿಗೆ ಮೊದಲೇ ಅರ್ಥವಾಗಿತ್ತು.

"ಇವು ನಮ್ಮ ಕಡೆಗೇ ಹೋಗೋದಮ್ಮಾ. ನಮ್ಮ ದೇಶಕ್ಕೆ ಯಾರ ಜೊತೆಗೂ ಯುದ್ಧ ಇಲ್ಲ. ನಮ್ಮೂರ ಕೆಳಗೆ ಗಣಿ ಮಾಡ್ತೀವಿ, ಜಾಗ ಬಿಡಿ ಅಂದ್ರು. ಜನ ಬಿಡಲ್ಲ ಅಂದ್ರು. ಈಗ ನಮ್ಮ ಸರ್ಕಾರಾನೇ ಗುಡ್ಡದ ಮೇಲೆ ನಿಂತು ನಮ್ಮ ಬೀದಿಗೆ ಹಾರಿಸುತ್ತೆ. ನಮ್ಮಮ್ಮ ಅಲ್ಲೇ ಇದಾಳೆ."

ಅಕ್ಕ ಪೆಟ್ಟಿಗೆಗಳ ಕಡೆ ತಿರುಗಿದಳು. ಇಷ್ಟು ವರ್ಷ ಮೂತಿಗಳು ಪೆಟ್ಟಿಗೆಯೊಳಗೆ ಹೋಗುತ್ತಿದ್ದವು, ಪೆಟ್ಟಿಗೆ ಲಾರಿಯೊಳಗೆ. ಲಾರಿ ಗೇಟು ದಾಟಿದ ಮೇಲಿನ ದಾರಿಯ ಬಗ್ಗೆ ಅವಳು ಯೋಚಿಸಿದ್ದಿಲ್ಲ. ಗಡಿ, ಸೈನಿಕರು, ಶತ್ರು ಎಂದು ಮನಸ್ಸಿನಲ್ಲೆಲ್ಲೋ ಮಸುಕಾಗಿ ಇತ್ತು. ಅಲ್ಲಿ ಒಂದು ಬೀದಿ, ಬೀದಿಯಲ್ಲೊಬ್ಬ ತಾಯಿ ಇರಬಹುದೆಂದು ಯಾರೂ ಹೇಳಿರಲಿಲ್ಲ.

"ಸಿಡಿಯದೇ ಇದ್ರೂ ಕಷ್ಟಾನೇ ಮಗಳೇ" ಎಂದು ಗಂಡನ ಕೈಯ ಕತೆ ಹೇಳಿದಳು.

ಹುಡುಗಿ ಪೂರ್ತಿ ಕೇಳಿಸಿಕೊಂಡಳು. "ಸಿಡಿಯದಿದ್ರೆ ಓಡೋಕೆ ಹೊತ್ತು ಸಿಗುತ್ತಲ್ಲಮ್ಮಾ" ಎಂದಳು. ಹೋಗುವಾಗ ತನ್ನ ಫೋನ್ ನಂಬರು ಕೊಟ್ಟು, ಅಕ್ಕನದನ್ನು ಬರೆದುಕೊಂಡಳು.

ಸಂಜೆ ಅಕ್ಕ ಗಂಡನ ಮುಂದೆ ಎಲ್ಲವನ್ನೂ ಸುರಿದಳು. "ಸರಿಯಾದ್ದು ಕಳಿಸಿದ್ರೆ ಎಂಟಕ್ಕೆ ಎಂಟೂ ಸಿಡಿಯುತ್ತೆ. ನಾನು ನಿಯತ್ತಾಗಿದ್ರೆ ಜಾಸ್ತಿ ಜನ ಸಾಯ್ತಾರೆ. ಹಾಳು ಮಾಲು ಬಿಟ್ರೆ ಕಡಿಮೆ. ಇದೆಂಥ ಲೆಕ್ಕ ರೀ?"

ಗಂಡ ಬಲಗೈಯಲ್ಲಿ ಉಳಿದ ಎರಡು ಬೆರಳಿಂದ ಗಲ್ಲ ಕೆರೆದುಕೊಂಡ. "ಬಿದ್ದದ್ದನ್ನ ಯಾರಾದ್ರೂ ಎತ್ತೋಕೆ ಹೋದ್ರೆ?"

"ಅದನ್ನೇ ನಾನೂ ಅಂದೆ."

"ಹೂಂ. ನನಗೆ ಅವತ್ತು ಕೈ ಹೋಯ್ತು. ಅದು ಸರಿಯಾಗಿ ಸಿಡಿದಿದ್ರೆ ಏನೂ ಆಗ್ತಿರಲಿಲ್ಲ, ದೂರ ಇದ್ದೆ. ಆದ್ರೆ ಅದು ಬಯಲು. ಅವರದು ಬೀದಿ." ಕೊನೆಗೆ ಕೈಚೆಲ್ಲಿದ. "ಬಿಸಿ ತುಪ್ಪ ಕಣೇ. ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ನನ್ನ ಕೇಳಬೇಡ."

ಶುಕ್ರವಾರ ಇಡೀ ದಿನ ಅಕ್ಕ ಆ ಪೆಟ್ಟಿಗೆಗಳ ಕಡೆ ನೋಡದೆ ಕೂತಳು. ಶನಿವಾರ ಬೆಳಗ್ಗೆ ಟ್ಯಾಂಕರಿನ ಹತ್ತಿರ ನೂಕುನುಗ್ಗಲಾಗಿ ಅವಳ ಕೊಡ ಉರುಳಿತು, ಒಂದು ತೊಟ್ಟೂ ಉಳಿಯಲಿಲ್ಲ. ಒದ್ದೆ ಸೀರೆಯಲ್ಲೇ ಕೆಲಸಕ್ಕೆ ಹೋಗಿ, ನಲವತ್ತು ಚೀಟಿಗಳನ್ನೂ ಉಗುರಿನಿಂದ ಕಿತ್ತು, ಕಾಗದಕ್ಕೆ ಸಹಿ ಹಾಕಿದಳು. ಹಾಕುವಾಗ ಕಣ್ಣ ಮುಂದಿದ್ದುದು ಆ ಹುಡುಗಿಯ ತಾಯಿಯೋ, ಉರುಳಿದ ಕೊಡವೋ? ಇದನ್ನು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಒಂದು ದಿನ ಒಂದು ಉತ್ತರ ಬರುತ್ತಿತ್ತು, ಇನ್ನೊಂದು ದಿನ ಇನ್ನೊಂದು.

ಸುದ್ದಿ ಹಬ್ಬಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಮ್ಯಾನೇಜರು ಖುದ್ದಾಗಿ ಬಂದು ಗುಡ್ಡದ ಮನೆಯ ಬೀಗದಕೈ ಕೊಟ್ಟರು. "ನನಗೇನೂ ಬೇಡ ಸರ್" ಎಂದಳು. "ಬೇಡ ಅಂದ್ರೆ ಜನ ಬೇರೆ ಏನೋ ತಿಳ್ಕೋತಾರೆ ಅಮ್ಮಾ" ಎಂದರು ಅವರು. ಅದೂ ನಿಜವೇ. ಲಂಚ ಬೇಡ ಎಂದಿದ್ದರೆ ಮತ್ತೇಕೆ ಸಹಿ ಹಾಕಿದೆ ಎಂದು ಕೇಳುತ್ತಿದ್ದರು. ಅದಕ್ಕೆ ಏನೆಂದು ಹೇಳುವುದು? ಕ್ಯಾಂಟೀನಿನಲ್ಲಿ ಕೆಲವರು ಬೆನ್ನು ತಟ್ಟಿದರು: "ಕೊನೆಗೂ ಬುದ್ಧಿ ಬಂತಲ್ಲ ಅಕ್ಕಾ!" ಲೇತ್ ಯಂತ್ರದ ಮುದುಕ ಮೇಸ್ತ್ರಿ ಮಾತ್ರ ಅವಳು ಕೂತ ಬೆಂಚಿನಿಂದ ತಟ್ಟೆ ಎತ್ತಿಕೊಂಡು ಆಚೆ ಹೋಗಿ ಕೂತ. ಅವನ ಮಗಳ ಗಂಡನ್ನು ಒಪ್ಪಿದವಳು ಇವಳೇ.

ಗುಡ್ಡದ ಮನೆಯಲ್ಲಿ ಗಂಡ ಮೊದಲ ದಿನ ನಲ್ಲಿಯನ್ನು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ಮಗುವಿನಂತೆ ಆಡಿದ. ಅಕ್ಕ ಆ ನೀರಿನಲ್ಲಿ ಸ್ನಾನ ಮಾಡಿದಳು. ಚೆನ್ನಾಗಿಯೇ ಇತ್ತು. ಅದೇ ಅವಳಿಗೆ ತಡೆಯಲಾಗದ ಸಂಗತಿ.

ನಾಲ್ಕು ತಿಂಗಳಾದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಫೋನ್ ಬಂತು. ಹುಡುಗಿ ಓದು ಅರ್ಧಕ್ಕೆ ಬಿಟ್ಟು ತಾಯಿಯ ಬಳಿಗೆ ಹೋಗಿದ್ದಳು.

"ಅಮ್ಮಾ, ನಮ್ಮಂಗಳದಲ್ಲಿ ಒಂದು ಬಿದ್ದಿದೆ. ಸಿಡಿದಿಲ್ಲ. ಏನ್ಮಾಡ್ಲಿ?"

ಅಕ್ಕ ಆ ಮಾತನ್ನೇ ಗಟ್ಟಿಯಾಗಿ ಹೇಳಿದಳು. ಗಂಡ ಫೋನನ್ನು ಕಸಿದುಕೊಂಡ. "ಮಗಳೇ, ಮುಟ್ಟಬೇಡ. ಕೇಳಿಸ್ತಾ? ನೀರು ಹಾಕಬೇಡ, ಕಲ್ಲು ಎಸೀಬೇಡ, ಹಗ್ಗ ಕಟ್ಟಿ ಎಳೀಬೇಡ. ಹಿಂದಿನ ಬಾಗಿಲಿದೆಯಾ?"

"ಇದೆ."

"ಅಲ್ಲಿಂದ ಆಚೆ ಹೋಗಿ. ಅಕ್ಕಪಕ್ಕದವರಿಗೂ ಹೇಳು."

"ಅಮ್ಮ ಬರಲ್ಲ ಅಂತಾಳೆ. ಅಡುಗೆ ಆಗಿದೆ, ಉಂಡು ಹೋಗೋಣ ಅಂತಾಳೆ."

"ಅವಳಿಗೆ ಕೊಡು ಫೋನು."

ಆ ಕಡೆ ಮುದುಕಿಯೊಬ್ಬಳು ಗೊತ್ತಿಲ್ಲದ ಭಾಷೆಯಲ್ಲಿ ಏನೋ ಕೂಗಿದಳು. ಈ ಕಡೆ ಗಂಡ ತನ್ನ ಭಾಷೆಯಲ್ಲಿ, ಕೈಯೆತ್ತಿ ಇಲ್ಲದ ಬೆರಳು ತೋರಿಸುತ್ತಾ, "ನೋಡವ್ವಾ, ನೋಡು ಇಲ್ಲಿ!" ಎಂದು ಅರಚಿದ. ಅವಳಿಗೆ ಕಾಣುವುದಿಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಏನು ಅರ್ಥವಾಯಿತೋ, ಮುದುಕಿ ಹೊರಟಳು. ಫೋನು ಕಟ್ಟಾಯಿತು.

ಎಂಟು ದಿನ ಸುದ್ದಿಯಿಲ್ಲ. ಒಂಬತ್ತನೆಯ ದಿನ ಹುಡುಗಿ ಕರೆ ಮಾಡಿದಳು. ಇಬ್ಬರೂ ಚಿಕ್ಕಮ್ಮನ ಮನೆಯಲ್ಲಿ ಕ್ಷೇಮ. ಬೀದಿಗೆ ಬಿದ್ದದ್ದು ಹನ್ನೊಂದು ಶೆಲ್ಲು, ಎರಡು ಸಿಡಿದಿರಲಿಲ್ಲ. "ನಮ್ಮ ಜೀವ ಉಳಿಸಿದ್ದು ನೀವೇ ಅಮ್ಮಾ" ಎಂದು ಅತ್ತಳು. ಅಕ್ಕನೂ ಅತ್ತಳು.

"ಅಂಗಳದ್ದು ಇನ್ನೂ ಅಲ್ಲೇ ಇದೆಯಾ?"

"ಇಲ್ಲ, ಹೋಯ್ತು. ಗುಜರಿಯವರು ಬಂದು ಚೀಲಕ್ಕೆ ಹಾಕ್ಕೊಂಡು ಹೋದ್ರಂತೆ. ಕಬ್ಬಿಣಕ್ಕೆ ಒಳ್ಳೇ ಬೆಲೆ ಇದೆಯಲ್ಲ."

"ಯಾವ ಗುಜರಿಯವರು? ಎಲ್ಲಿಗೆ?"

ಅದು ಹುಡುಗಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಫೋನಿಟ್ಟು ಗಂಡನ ಮುಖ ನೋಡಿದಳು. ಅವನು ಎದ್ದು ಹೋಗಿ, ತಿರುಗಿಸಿದ್ದ ನಲ್ಲಿಯನ್ನು ನಿಲ್ಲಿಸಿ ಬಂದ.

ಅಷ್ಟರಲ್ಲಿ ಕೊಳ್ಳುವ ದೇಶದಿಂದ ದೂರು ಬಂತು: ಮಾಲು ಕಳಪೆ. ವಿಚಾರಣೆ ಕೂತಿತು. ಕರ್ನಲ್ ಸಹಿಯ ಬಗ್ಗೆ ಯಾರೂ ಚಕಾರವೆತ್ತಲಿಲ್ಲ, ಅವರಿಗೆ ಬಡ್ತಿಯಾಗಿತ್ತು. ಭಾವಮೈದುನನ ಕಂಪನಿಯ ಹೆಸರು ಕಡತದಿಂದ ಕರ್ಪೂರದಂತೆ ಕರಗಿತ್ತು. ಉಳಿದದ್ದು ಅಕ್ಕ.

ವಿಚಾರಣೆಗೆ ಬಂದ ಅಧಿಕಾರಿ ಒಳ್ಳೆಯ ಮನುಷ್ಯ, ನಿವೃತ್ತಿಗೆ ಹತ್ತಿರದವರು. ಬೇರೆ ಯಾರೂ ಇಲ್ಲದಾಗ ಕೇಳಿದರು, "ಎಷ್ಟು ತಗೊಂಡ್ರಿ ತಾಯಿ?"

"ಒಂದು ಕಾಸೂ ತಗೊಂಡಿಲ್ಲ."

"ಹಾಗನ್ನಬೇಡಿ. ತಗೊಂಡೆ ಅನ್ನಿ, ಕೆಲಸ ಹೋಗುತ್ತೆ ಅಷ್ಟೆ. ತಗೊಂಡಿಲ್ಲ ಅಂದ್ರೆ ಬೇಕಂತಲೇ ಹಾಳು ಮಾಲು ಬಿಟ್ರು ಅಂತಾಗುತ್ತೆ. ಅದು ದೇಶದ್ರೋಹ, ಜೈಲು. ನೀವು ಯಾಕೆ ಸಹಿ ಹಾಕಿದ್ರಿ ಹೇಳಿ?"

ಅಕ್ಕ ಬಾಯಿ ತೆರೆದಳು. ಬೀದಿ, ತಾಯಿ, ಕೊಡ, ಗುಜರಿಯವರ ಚೀಲ ಎಲ್ಲ ಒಟ್ಟಿಗೆ ನಾಲಗೆಯ ತುದಿಗೆ ಬಂದವು. "ಗೊತ್ತಿಲ್ಲ ಸರ್" ಎಂದಳು. ಅವಳ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ.

ಲಂಚ ಎಂದರೆ ಕೊಟ್ಟವನ ಹೆಸರೂ ಹೇಳಬೇಕಾದೀತು ಎಂದು ಮ್ಯಾನೇಜರಿಗೂ ಭಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರೇ ದಾರಿ ಹುಡುಕಿದರು: ಮುದುಕಿಗೆ ಕಣ್ಣು ಮಂಜು, ಕಾಣದೆ ಸಹಿ ಹಾಕಿದಳು. ಕಾರ್ಖಾನೆಯ ಕಣ್ಣಿನ ಡಾಕ್ಟರಲ್ಲಿಗೆ ಕಳಿಸಿದರು.

ಡಾಕ್ಟರು ಗೋಡೆಯ ಫಲಕ ತೋರಿಸಿ, "ಓದಿ ಅಮ್ಮಾ" ಎಂದರು. ಅಕ್ಕ ಮೇಲಿನಿಂದ ಕೊನೆಯ ಸಾಲಿನವರೆಗೆ ಒಂದೇ ಉಸಿರಿಗೆ ಓದಿದಳು. ಕೊನೆಯ ಸಾಲು ಡಾಕ್ಟರಿಗೇ ಸರಿಯಾಗಿ ಕಾಣುತ್ತಿರಲಿಲ್ಲ.

"ಅಯ್ಯೋ, ಹೀಗೆ ಓದಿದ್ರೆ ನಾನೇನು ಬರೀಲಿ? ಸ್ವಲ್ಪ ತಪ್ಪು ಓದಿ."

ಅಕ್ಕ ಪ್ರಯತ್ನಪಟ್ಟಳು. ಅಕ್ಷರದ ಮೇಲೆ ಕಣ್ಣಿಟ್ಟು ಬೇರೆ ಅಕ್ಷರ ಹೇಳಲು ನಾಲಗೆ ತಿರುಗಲೇ ಇಲ್ಲ. ಮತ್ತೆ ಎಲ್ಲವನ್ನೂ ಸರಿಯಾಗಿಯೇ ಓದಿದಳು. ಡಾಕ್ಟರು ನಿಟ್ಟುಸಿರು ಬಿಟ್ಟು, "ಎಡಗಣ್ಣು ಮಂಜು" ಎಂದು ತಮಗೆ ತಾವೇ ಹೇಳಿಕೊಂಡು ಬರೆದರು.

ಅವಳನ್ನು ಮನೆಗೆ ಕಳಿಸಿದರು. ಪಿಂಚಣಿಯಲ್ಲಿ ಒಂದಿಷ್ಟು ಕಡಿತವಾಯಿತು. ಗುಡ್ಡದ ಮನೆ ಖಾಲಿ ಮಾಡಿ, ಇಬ್ಬರೂ ಪೇಟೆಯ ಹಿಂದಿನ ಎರಡು ಕೋಣೆಗೆ ಬಂದರು. ಕಳಪೆ ಮಾಲಿಗೆ ಬದಲು ಹೊಸದನ್ನು ಬಿಟ್ಟಿಯಾಗಿ ಕೊಡುತ್ತೇವೆಂದು ಕಾರ್ಖಾನೆ ಮಾತು ಕೊಟ್ಟಿತು. ಆ ದೊಡ್ಡತನಕ್ಕೆ ಮೆಚ್ಚಿ ಕೊಳ್ಳುವ ದೇಶ ಎರಡರಷ್ಟು ಮಾಲಿಗೆ ಬೇಡಿಕೆ ಕೊಟ್ಟಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಇಪ್ಪತ್ತೈದರ ಒಳಗಿನ ವಯಸ್ಸು, ಬಸುರಿ. ಅಕ್ಕನ ಜಾಗಕ್ಕೆ ಬಂದ ಹೊಸ ತಪಾಸಣೆಯವಳು. "ಅಕ್ಕಾ, ನನಗೆ ಭೂತಗನ್ನಡೀಲಿ ಏನೂ ತಿಳಿಯಲ್ಲ. ತಪ್ಪಾದ್ರೆ ನನ್ನ ತಲೆ ಮೇಲೆ ಬರುತ್ತೆ. ಮನೇಲಿ ಸಂಬಳ ತರೋಳು ನಾನೊಬ್ಬಳೇ. ಹೇಳಿಕೊಡ್ತೀರಾ?"

ಅಕ್ಕ ಅವಳನ್ನು ಒಳಗೆ ಕರೆದಳು. ಮನೆಯಲ್ಲಿದ್ದ ಹಳೆಯ ಪೆನ್ನುಗಳನ್ನೆಲ್ಲ ಬಿಚ್ಚಿ, ಅವುಗಳ ಸ್ಪ್ರಿಂಗುಗಳನ್ನು ಚಾಪೆಯ ಮೇಲೆ ಸಾಲಾಗಿಟ್ಟು, ಅವಳ ಬೆರಳನ್ನು ಹಿಡಿದು ಒತ್ತಿಸಿದಳು. "ಕಣ್ಣು ಮುಚ್ಚು. ಇದು ಏಳುತ್ತೆ. ಇದು ಸೋಮಾರಿ. ಗೊತ್ತಾಯ್ತಾ?" ಎರಡು ಮಧ್ಯಾಹ್ನದಲ್ಲಿ ಅವಳು ಕಲಿತಳು. ಚೂಟಿ. ಹೋಗುವಾಗ ಕಾಲಿಗೆ ಬಿದ್ದಳು.

ಅವಳು ಬೀದಿಯ ತಿರುವು ದಾಟುವವರೆಗೂ ಅಕ್ಕ ಹೊಸ್ತಿಲಲ್ಲೇ ನಿಂತಿದ್ದಳು. ಗಂಡ ಚಾಪೆಯ ಮೇಲೆ ಕೂತು ಪೆನ್ನುಗಳನ್ನು ಮತ್ತೆ ಜೋಡಿಸುತ್ತಿದ್ದ.

"ರೀ, ನಾನು ಮಾಡಿದ್ದು ಸರಿಯಾ?"

"ಯಾವುದು?" ಎಂದ ಅವನು. "ಸಹಿ ಹಾಕಿದ್ದಾ, ಇವಳಿಗೆ ಹೇಳಿಕೊಟ್ಟಿದ್ದಾ?"

ಅಕ್ಕ ಯೋಚಿಸಿದಳು. ತಾನು ಕೇಳಿದ್ದು ಯಾವುದನ್ನು ಎಂಬುದು ಅವಳಿಗೇ ತಿಳಿಯಲಿಲ್ಲ. ಅವನ ಪಕ್ಕ ಕೂತು, ಅವನ ಕೈಗೆ ಹಿಡಿಯಲಾಗದ ಸಣ್ಣ ತುಂಡುಗಳನ್ನು ಒಂದೊಂದಾಗಿ ಎತ್ತಿಕೊಡತೊಡಗಿದಳು.